ಜಿಮ್ಮಿನ ಆಚೆಯ 23 ತಾಸು

ಕೇಳುಗರಿಗೆಲ್ಲ ನಮಸ್ಕಾರ.

ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಓಣಿಗೊಂದು ಜಿಮ್ ಆಗಿದೆ. ವಿದ್ಯಾನಗರ, ಕೇಶ್ವಾಪುರ, ಗೋಕುಲ ರೋಡ್, ಈ ಕಡೆ ಸಪ್ತಾಪುರ, ಮಾಳಮಡ್ಡಿ, ಎಲ್ಲಿ ನೋಡಿದರೂ ಹೆಗಲಿಗೆ ಬ್ಯಾಗ್ ಹಾಕಿಕೊಂಡು ಹೊರಟ ಹುಡುಗರು, ಹುಡುಗಿಯರು, ನಲವತ್ತು ದಾಟಿದವರೂ ಕಾಣುತ್ತಾರೆ. ಇದನ್ನು ನೋಡಿದರೆ ನಿಜವಾಗಿ ಖುಷಿಯಾಗುತ್ತದೆ. ಆದರೆ ಸೇರಿದ ಎರಡನೇ ವಾರಕ್ಕೇ ಒಂದು ಮಾತು ಶುರುವಾಗುತ್ತದೆ. ಮೈಯಲ್ಲಿ ತ್ರಾಣವೇ ಇಲ್ಲ. ಮಧ್ಯಾಹ್ನ ಕ್ಲಾಸಿನಲ್ಲಿ ಕಣ್ಣು ಎಳೆಯುತ್ತದೆ. ಮೆಟ್ಟಿಲು ಇಳಿಯುವಾಗ ತೊಡೆ ನಡುಗುತ್ತದೆ. ಮನೆಗೆ ಬಂದರೆ ಯಾರ ಜೊತೆ ಮಾತಾಡಲೂ ಮನಸ್ಸಿಲ್ಲ. ಆಗ ಯಾರೋ ಒಬ್ಬರು ಒಂದು ಪ್ರೋಟೀನ್ ಪೌಡರ್ ಡಬ್ಬಿ ತೋರಿಸುತ್ತಾರೆ, ತಿಂಗಳ ಮೆಸ್ ಬಿಲ್ಲಿನಷ್ಟು ದುಡ್ಡು ಅಲ್ಲಿಗೆ ಹೋಗುತ್ತದೆ, ಸುಸ್ತು ಮಾತ್ರ ಇದ್ದಲ್ಲೇ ಇರುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಜಿಮ್ಮಿನಲ್ಲಿ ಮೈ ಬೆಳೆಯುವುದಿಲ್ಲ. ಅಲ್ಲಿ ಮೈ ಸವೆಯುತ್ತದೆ. ಬೆಳೆಯುವುದು ಉಳಿದ 23 ತಾಸಿನಲ್ಲಿ. ಆ 23 ತಾಸು ನಾವು ಏನು ಉಣ್ಣುತ್ತೇವೆ, ಎಷ್ಟು ಮಲಗುತ್ತೇವೆ ಎನ್ನುವುದನ್ನು ಯಾರೂ ಕೇಳುವುದಿಲ್ಲ. ಎಷ್ಟು ಕೆಜಿ ಎತ್ತಿದೆ ಅಂತ ಮಾತ್ರ ಕೇಳುತ್ತಾರೆ.

ಮೊದಲು ಈ ನೋವು ಯಾವುದು, ಸುಸ್ತು ಯಾವುದು ಅಂತ ಬೇರೆ ಮಾಡಿಕೊಳ್ಳೋಣ. ವರ್ಕೌಟ್ ಮಾಡಿದ ದಿನ ಅಷ್ಟೇನೂ ನೋಯುವುದಿಲ್ಲ, ಮರುದಿನ, ಅದರ ಮರುದಿನ ಜಾಸ್ತಿಯಾಗುತ್ತದೆ, ಅಲ್ವಾ? ಸಾಮಾನ್ಯವಾಗಿ 24ರಿಂದ 72 ತಾಸಿನ ನಡುವೆ ಅದು ಜೋರಾಗಿರುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಇದಕ್ಕೆ ವ್ಯಾಯಾಮದ ಹೊತ್ತಿನಲ್ಲಿ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಸಿಡ್ ಕಾರಣ ಎಂದು ಇವತ್ತಿಗೂ ಹೇಳುವವರಿದ್ದಾರೆ. ಅದು ತಪ್ಪು. ವ್ಯಾಯಾಮ ನಿಲ್ಲಿಸಿದ ಒಂದು ತಾಸಿನೊಳಗೆ ಅದು ಹೆಚ್ಚುಕಮ್ಮಿ ರಕ್ತದಿಂದ ಹೋಗಿಬಿಟ್ಟಿರುತ್ತದೆ, ಎರಡು ದಿನದ ನೋವಿಗೆ ಅದನ್ನು ಬೈದು ಪ್ರಯೋಜನವಿಲ್ಲ. ನೋವು ಬರುವುದು ಸ್ನಾಯುವಿನ ಎಳೆಗಳಿಗೆ ಆದ ಸಣ್ಣಸಣ್ಣ ಪೆಟ್ಟಿನಿಂದ, ಅದನ್ನು ಸರಿ ಮಾಡಲು ದೇಹ ಮಾಡುವ ಕೆಲಸದಿಂದ. ಅದರಲ್ಲೂ ಭಾರ ಎತ್ತುವಾಗಿನದಕ್ಕಿಂತ ನಿಧಾನವಾಗಿ ಇಳಿಸುವಾಗ ಪೆಟ್ಟು ಜಾಸ್ತಿ. ನೃಪತುಂಗ ಬೆಟ್ಟ ಹತ್ತುವಾಗ ಏದುಸಿರು ಬರುತ್ತದೆ, ಆದರೆ ಮರುದಿನ ತೊಡೆ ನೋಯುವುದು ಇಳಿದದ್ದಕ್ಕೆ. ಒಳ್ಳೆಯ ಸುದ್ದಿ ಏನೆಂದರೆ ಅದೇ ವ್ಯಾಯಾಮವನ್ನು ಒಂದೆರಡು ವಾರ ಬಿಟ್ಟು ಮತ್ತೆ ಮಾಡಿದರೂ ಮೊದಲಿನಷ್ಟು ನೋಯುವುದಿಲ್ಲ. ದೇಹ ಕಲಿತುಬಿಟ್ಟಿರುತ್ತದೆ. ಹಾಗಾಗಿ ಪ್ರತಿ ಸಲ ನೋಯಲೇಬೇಕು, ನೋಯದಿದ್ದರೆ ವರ್ಕೌಟ್ ದಂಡ ಎಂದು ತಿಳಿಯಬೇಡಿ.

ನೋವಿಗಿಂತ ನನಗೆ ಚಿಂತೆ ಆ ಇಡೀ ಮೈಯ ಸುಸ್ತಿನದು. ಅದಕ್ಕೆ ಹೆಚ್ಚಿನವರಲ್ಲಿ ಮೊದಲ ಕಾರಣ ಅವಸರ.

ನಮ್ಮ ಭಾಗದ ಗರಡಿ ಮನೆಗಳನ್ನು ನೆನಪಿಸಿಕೊಳ್ಳಿ. ಹೊಸ ಹುಡುಗ ಬಂದರೆ ವಸ್ತಾದರು ಅವನನ್ನು ಮೊದಲ ದಿನವೇ ದೊಡ್ಡ ಪೈಲ್ವಾನರ ಜೊತೆ ಅಖಾಡಕ್ಕೆ ಇಳಿಸುವುದಿಲ್ಲ. ಕೆಲವೇ ದಂಡ, ಕೆಲವೇ ಬೈಠಕ್, ಅಷ್ಟಕ್ಕೇ ಸಾಕು ಎನ್ನುತ್ತಾರೆ. ವಾರ ಕಳೆದಂತೆ ಲೆಕ್ಕ ಏರುತ್ತದೆ. ಜೊತೆಗೆ ಮಾಲಿಶ್, ಹಾಲು, ಬಾದಾಮಿ, ಹೊತ್ತಿಗೆ ಸರಿಯಾಗಿ ನಿದ್ದೆ, ಇವೆಲ್ಲ ಸಾಮು ಮಾಡಿದಷ್ಟೇ ಮುಖ್ಯ. ಈಗ ನಾವು ದಂಡ ಬಿಟ್ಟು ಡಂಬೆಲ್ ಹಿಡಿದೆವು, ಆದರೆ ಆ ತಾಳ್ಮೆಯನ್ನು ಅಲ್ಲೇ ಬಿಟ್ಟು ಬಂದೆವು. ಸೋಮವಾರ ಸೇರಿ ಶನಿವಾರದವರೆಗೆ ದಿನಾ ಒಂದೂವರೆ ತಾಸು, ಪ್ರತಿ ಸೆಟ್ಟಿನಲ್ಲೂ, ಅಂದರೆ ಬಿಡದೆ ಎತ್ತುವ ಪ್ರತಿ ಸುತ್ತಿನಲ್ಲೂ, ಕೈ ಸೋಲುವವರೆಗೆ. ಹೀಗೆ ಮಾಡಿದರೆ ಯಾರ ಮೈಯಾದರೂ ಕೈಕೊಡುತ್ತದೆ. ಹೊಸಬರಿಗೆ ವಾರಕ್ಕೆ 3 ದಿನ ಸಾಕು. ಒಂದೇ ಸ್ನಾಯುವಿಗೆ ಮತ್ತೆ ಕೆಲಸ ಕೊಡುವ ಮುಂಚೆ 48 ತಾಸು ಬಿಡಿ. ಒಂದು ಸೆಟ್ ಮುಗಿಸಿದಾಗ ಇನ್ನೂ ಎರಡು ಸಲ ಎತ್ತಬಹುದಿತ್ತು ಅನ್ನಿಸಬೇಕು, ಅಲ್ಲಿಗೆ ನಿಲ್ಲಿಸಿ. ತಿಂಗಳೆರಡು ತಿಂಗಳು ಬಿಡದೆ ಮಾಡಿದವರು ನಡುವೆ ಒಂದು ವಾರ ಭಾರವನ್ನೂ ಸೆಟ್ಟುಗಳನ್ನೂ ಅರ್ಧಕ್ಕೆ ಇಳಿಸಿದರೆ ಏನೂ ಕಳೆದುಹೋಗುವುದಿಲ್ಲ.

ಇನ್ನು ನಿದ್ದೆ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಧಾರವಾಡದ ಹುಡುಗರ ದೊಡ್ಡ ತೊಂದರೆ ಇದೇ. ಸಪ್ತಾಪುರದ ರೂಮುಗಳಲ್ಲಿ ಪಿಎಸ್‌ಐಗೋ ಕೆಎಎಸ್‌ಗೋ ಓದುವವರು ರಾತ್ರಿ ಒಂದರವರೆಗೆ ಪುಸ್ತಕ ಹಿಡಿದಿರುತ್ತಾರೆ, ಫಿಸಿಕಲ್ ಟೆಸ್ಟಿಗೆ ತಯಾರಾಗಬೇಕು ಎಂದು ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತಾರೆ, ಸಂಜೆ ಜಿಮ್ಮಿಗೂ ಹೋಗುತ್ತಾರೆ, ನಡುವೆ ಎಚ್ಚರ ಇರಲು ಚಹಾ ಮೇಲೆ ಚಹಾ. ಅವರ ಛಲಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ನಾಲ್ಕು ತಾಸಿನ ನಿದ್ದೆಯಲ್ಲಿ ಸ್ನಾಯು ಕೂಡಿಕೊಳ್ಳುವುದಿಲ್ಲ, ಓದಿದ್ದೂ ತಲೆಯಲ್ಲಿ ನಿಲ್ಲುವುದಿಲ್ಲ. ಗಾಢ ನಿದ್ದೆಯ ಹೊತ್ತಿನಲ್ಲೇ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಹೊರಬರುತ್ತದೆ. ದೊಡ್ಡವರಿಗೆ 7ರಿಂದ 9 ತಾಸು ಬೇಕು. ಅದರಲ್ಲಿ ಒಂದು ತಾಸು ಕಡಿಮೆಯಾದರೆ ಹೇಗೋ ನಡೆಯುತ್ತದೆ, ದಿನಾ ಮೂರು ತಾಸು ಕಡಿಮೆಯಾದರೆ ನಡೆಯುವುದಿಲ್ಲ. ಕುಡಿದ ಚಹಾ-ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ತಾಸು ಹಿಡಿಯುತ್ತದೆ. ಸಂಜೆ ಆರಕ್ಕೆ ಜಿಮ್ಮಿಗೆ ಮುಂಚೆ ಕೆಫೀನ್ ಇರುವ ಪ್ರಿ-ವರ್ಕೌಟ್ ಪುಡಿ ಕಲಸಿ ಕುಡಿದವರು ಹನ್ನೊಂದಕ್ಕೆ ಹಾಸಿಗೆಯಲ್ಲಿ ಹೊರಳಾಡುವುದು ಅದಕ್ಕೇ. ಮಧ್ಯಾಹ್ನ ಎರಡರ ಮೇಲೆ ಚಹಾ, ಕಾಫಿ, ಆ ಪುಡಿ ಮೂರನ್ನೂ ಬಿಟ್ಟು ನೋಡಿ. ರಾತ್ರಿ ಐದೇ ತಾಸು ಮಲಗಿದ್ದರೆ ಅವತ್ತು ಭಾರ ಎತ್ತುವುದು ಬೇಡ, ಅರ್ಧ ತಾಸು ನಡೆದು ಬಂದರೆ ಸಾಕು.

ಊಟದ ವಿಷಯದಲ್ಲಿ ನಾವು ಅದೃಷ್ಟವಂತರು. ಖಾನಾವಳಿಯ ತಟ್ಟೆಯನ್ನೇ ನೋಡಿ. ಎರಡು ಜೋಳದ ರೊಟ್ಟಿ, ಒಂದು ಬಟ್ಟಲು ಮಡಕಿ ಕಾಳಿನ ಪಲ್ಯ, ಎರಡು ಚಮಚ ಶೇಂಗಾ ಚಟ್ನಿ, ಒಂದು ಬಟ್ಟಲು ಗಟ್ಟಿ ಮೊಸರು. ರೊಟ್ಟಿಯಿಂದ ಸುಮಾರು 10 ಗ್ರಾಂ ಪ್ರೋಟೀನ್, ಕಾಳಿನಿಂದ 8-9, ಶೇಂಗಾದಿಂದ 3, ಮೊಸರಿನಿಂದ 5. ಎಲ್ಲ ಕೂಡಿಸಿದರೆ 25 ಗ್ರಾಂ ದಾಟುತ್ತದೆ, ಅಂದರೆ ಆ ದುಬಾರಿ ಡಬ್ಬಿಯ ಒಂದು ಸ್ಕೂಪಿನಷ್ಟಾಯಿತು. 60 ಕೆಜಿ ತೂಕದವರು ಭಾರ ಎತ್ತುತ್ತಿದ್ದರೆ ದಿನಕ್ಕೆ 70ರಿಂದ 95 ಗ್ರಾಂ ಬೇಕಾಗುತ್ತದೆ. ಇಂಥ ಎರಡು ಊಟ, ಬೆಳಿಗ್ಗೆ ಎರಡು ಮೊಟ್ಟೆ ಅಥವಾ ದೊಡ್ಡ ಲೋಟ ಹಾಲು, ಸಂಜೆ ಒಂದು ಹಿಡಿ ಹುರಿದ ಶೇಂಗಾ ಅಥವಾ ನೆನೆಸಿದ ಕಡಲೆ, ಇಷ್ಟಾದರೆ ಲೆಕ್ಕ ಹತ್ತಿರ ಬರುತ್ತದೆ. ತೊಂದರೆ ಎಲ್ಲಿ ಆಗುತ್ತದೆ ಎಂದರೆ, ಪಲ್ಯ ಒಂದು ಚಮಚಕ್ಕೆ ಇಳಿದು ಅನ್ನ ಸಾರೇ ಊಟವಾದಾಗ, ಇಲ್ಲವೇ ಸಂಜೆಯ ಹಸಿವೆಗೆ ದಿನಾ ಮಿರ್ಚಿ ಗಿರಮಿಟ್ ತಿಂದು ರಾತ್ರಿ ಊಟ ಬಿಟ್ಟಾಗ. ಗಿರಮಿಟ್ ತಿನ್ನಬೇಡಿ ಎಂದು ನಾನು ಹೇಳುವುದಿಲ್ಲ, ಆದರೆ ಅದನ್ನೇ ಊಟ ಮಾಡಿಕೊಳ್ಳಬೇಡಿ. ಪ್ರೋಟೀನ್ ಪೌಡರ್ ವಿಷವೂ ಅಲ್ಲ, ಮಂತ್ರವೂ ಅಲ್ಲ, ಅದು ಹೆಚ್ಚಾಗಿ ಹಾಲಿನಿಂದ ತೆಗೆದ ಆಹಾರ. ಊಟ ಸರಿಮಾಡಿದ ಮೇಲೂ ಕಡಿಮೆ ಬಿದ್ದರೆ ಆಗ ನೋಡೋಣ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಇನ್ನೊಂದು ಹುಚ್ಚು ಈಚೆಗೆ ಬಂದಿದೆ. ತೂಕ ಇಳಿಸಬೇಕು ಎಂದು ರೊಟ್ಟಿ, ಅನ್ನ ಎರಡನ್ನೂ ಬಿಟ್ಟು ಜಿಮ್ಮಿನಲ್ಲಿ ಬೆವರು ಹರಿಸುವುದು. ಸ್ನಾಯು ಜೋರಾಗಿ ಕೆಲಸ ಮಾಡುವಾಗ ಸುಡುವುದು ತನ್ನೊಳಗೆ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯಂಶವನ್ನು. ಅದು ಬರುವುದು ರೊಟ್ಟಿ, ಅನ್ನ, ಹಣ್ಣಿನಿಂದ. ಪೂರ್ತಿ ಖಾಲಿಯಾದರೆ ತುಂಬಿಕೊಳ್ಳಲು ಒಂದು ದಿನವೇ ಬೇಕು. ತುಂಬಿಸದೆ ಮತ್ತೆ ಹೋದರೆ ಕಾಲು ಸೀಸದ ಹಾಗೆ ಭಾರ. ಬೆಳಿಗ್ಗೆ ಹೋಗುವವರು ಅರ್ಧ ತಾಸು ಮುಂಚೆ ಒಂದು ಬಾಳೆಹಣ್ಣಾದರೂ ತಿನ್ನಿ. ಧಾರವಾಡದಲ್ಲಿ ಕೆಲಸ ಮುಗಿಸಿ ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ಹುಬ್ಬಳ್ಳಿಗೆ ಬಂದು ಹಾಗೆಯೇ ಜಿಮ್ಮಿಗೆ ಹೋಗುವವರು ಬ್ಯಾಗಿನಲ್ಲಿ ಎರಡು ಬಾಳೆಹಣ್ಣು ಇಟ್ಟುಕೊಂಡರೆ ಅವತ್ತಿನ ವರ್ಕೌಟೇ ಬೇರೆಯಾಗುತ್ತದೆ.

ನೀರಿನ ಮಾತು. ಮಾರ್ಚ್‌ನಿಂದ ಮೇವರೆಗೆ ನಮ್ಮಲ್ಲಿ ತಗಡಿನ ಶೀಟಿನ ಕೆಳಗಿನ ಜಿಮ್ಮುಗಳು ಕಾದ ಹಂಚು. ಎಷ್ಟು ನೀರು ಹೋಯಿತು ಎಂದು ತಿಳಿಯಲು ಸುಲಭ ದಾರಿ ಇದೆ. ವರ್ಕೌಟ್ ಮುಂಚೆ, ಮುಗಿದ ಮೇಲೆ ತೂಕ ನೋಡಿ. ಅರ್ಧ ಕೆಜಿ ಇಳಿದಿದ್ದರೆ ಮುಕ್ಕಾಲು ಲೀಟರ್ ಕುಡಿಯಿರಿ, ಒಮ್ಮೆಲೇ ಅಲ್ಲ, ಒಂದೆರಡು ತಾಸಿನಲ್ಲಿ. ಬೆವರಿನಲ್ಲಿ ಉಪ್ಪೂ ಹೋಗಿರುತ್ತದೆ. ಅದಕ್ಕೆ ಉಪ್ಪು ಹಾಕಿದ ಮಜ್ಜಿಗೆಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಬಿಪಿ ಇದ್ದವರು ಉಪ್ಪು ಕಡಿಮೆ ಮಾಡಿಕೊಳ್ಳಿ.

ವಿಶ್ರಾಂತಿಯ ದಿನ ಎಂದರೆ ಮಂಚಕ್ಕೆ ಅಂಟಿಕೊಳ್ಳುವುದಲ್ಲ. ಉಣಕಲ್ ಕೆರೆಯ ದಂಡೆಯಲ್ಲೋ ಕೆಲಗೇರಿ ಕೆರೆಯ ಹತ್ತಿರವೋ ಮಾತಾಡುತ್ತ ನಡೆಯುವಷ್ಟು ನಿಧಾನದ ನಡಿಗೆ, ರಕ್ತ ಓಡಾಡುತ್ತದೆ, ಬಿಗಿತ ಸಡಿಲಾಗುತ್ತದೆ. ಮಾಲಿಶ್ ಮಾಡಿಸಿಕೊಂಡರೆ ನೋವು ಕಡಿಮೆ ಅನ್ನಿಸುತ್ತದೆ, ಮಾಡಿಸಿಕೊಳ್ಳಿ. ಐಸ್ ನೀರಿನಲ್ಲಿ ಕೂರುವ ವಿಡಿಯೋಗಳನ್ನು ಎಲ್ಲರೂ ನೋಡಿರುತ್ತೀರಿ. ಅದರಿಂದ ನೋವು ತುಸು ತಗ್ಗಬಹುದು, ಆದರೆ ಭಾರ ಎತ್ತಿದ ಬೆನ್ನಲ್ಲೇ ದಿನಾ ಹಾಗೆ ಮಾಡಿದರೆ ಸ್ನಾಯುವಿನ ಬೆಳವಣಿಗೆಗೇ ಅಡ್ಡಿ. ನೋವಿನ ಮಾತ್ರೆ ನುಂಗಿ ಜಿಮ್ಮಿಗೆ ಹೋಗುವುದು ಮಾತ್ರ ಖಂಡಿತ ಬೇಡ. ಮೈಯಲ್ಲಿ ನೀರು ಕಡಿಮೆ ಇರುವಾಗ ಅಂಥ ಕೆಲವು ಮಾತ್ರೆಗಳು ಕಿಡ್ನಿಗೆ ಪೆಟ್ಟು ಕೊಡಬಹುದು.

ಕೆಲವು ಲಕ್ಷಣ ಕಂಡರೆ ಮನೆಮದ್ದು ನೋಡುತ್ತ ಕೂರಬಾರದು. ವ್ಯಾಯಾಮದ ಮರುದಿನ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಸ್ನಾಯು ಊದಿಕೊಂಡು ಕೈಕಾಲು ಅಲುಗಿಸಲೂ ಆಗದಿದ್ದರೆ, ಅದು ಸ್ನಾಯು ಒಡೆದು ಅದರ ಅಂಶ ಕಿಡ್ನಿಗೆ ಹೋಗುತ್ತಿರುವುದರ ಗುರುತಾಗಿರಬಹುದು. ಎದೆ ನೋವು, ಎದೆ ಹಿಂಡಿದ ಹಾಗಾಗುವುದು, ತಲೆ ಸುತ್ತಿ ಬೀಳುವುದು, ಇವೂ ಅಷ್ಟೇ. ಅದೇ ಗಳಿಗೆ ಆಸ್ಪತ್ರೆಗೆ ಹೋಗಿ.

ಕೊನೆಯದಾಗಿ ಹೆಣ್ಣುಮಕ್ಕಳಿಗೆ ಒಂದು ಮಾತು, ನನಗೆ ಇದು ಬಹಳ ಮುಖ್ಯ. ಜಿಮ್ಮಿಗೆ ಸೇರಿ ಬೇಗ ಸುಸ್ತಾಗುವ ಹೆಂಗಸರಿಗೆ "ಅಭ್ಯಾಸ ಇಲ್ಲ, ಸೋಮಾರಿತನ" ಎಂದು ಹೇಳಿ ಮುಗಿಸುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆ ಇದೆ. ರಕ್ತದಲ್ಲಿ ಹೀಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಸ್ನಾಯುವಿಗೆ ಆಮ್ಲಜನಕವೇ ಸರಿಯಾಗಿ ಮುಟ್ಟುವುದಿಲ್ಲ, ಇನ್ನು ಬಲ ಎಲ್ಲಿಂದ ಬರಬೇಕು? ನಿದ್ದೆ, ಊಟ, ವಿಶ್ರಾಂತಿ ಎಲ್ಲ ಸರಿಯಿದ್ದೂ ಎರಡು ಮೂರು ವಾರ ಸುಸ್ತು ಹೋಗದಿದ್ದರೆ, ಹೆಂಗಸರಾಗಲಿ ಗಂಡಸರಾಗಲಿ, ಹೀಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ ಪರೀಕ್ಷೆ ಮಾಡಿಸಿ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯಲ್ಲಿ, ಧಾರವಾಡದ ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಾರೆ. ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟವಾದ ತಕ್ಷಣ ಚಹಾ ಕುಡಿಯುವುದನ್ನು ಒಂದು ತಾಸು ಮುಂದಕ್ಕೆ ಹಾಕಿ, ಕಾಳು-ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಆಗ. ಕಬ್ಬಿಣದ ಮಾತ್ರೆ ಬೇಕೋ ಬೇಡವೋ ಎನ್ನುವುದನ್ನು ಡಾಕ್ಟರ್ ಹೇಳಲಿ. ರಿಪೋರ್ಟ್ ಬರುವವರೆಗೆ ಭಾರ ಏರಿಸಬೇಡಿ, ದಿನಾ ಅರ್ಧ ತಾಸು ನಡೆಯಿರಿ.

ನಮಸ್ಕಾರ.