ನೀರು ಯಾವಾಗ್ಲೋ ಸೆಟ್ ಆಗಿದೆಯಪ್ಪ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆಯಾ? ಸರಿ.

ಹೋದ ತಿಂಗಳು ನಮ್ಮ ಕೈತೋಟದ ಗುಂಪಿಗೆ ಮನೆ ಕೊಳದ ಫೋಟೋ ಹಾಕಿದ್ದೇ ತಪ್ಪಾಯಿತು ನೋಡಿ. ಅವತ್ತಿನಿಂದ ಒಂದೇ ಸಮನೆ ಫೋನು. "ಮೇಡಂ, ಮಾಡಿಕೊಟ್ಟವರ ನಂಬರ್ ಕೊಡಿ." ನಂಬರ್ ಕೊಡೋದೇನು ದೊಡ್ಡ ಮಾತಲ್ಲ. ಆದರೆ ಅವರು ಗೇಟಿನ ಒಳಗೆ ಬಂದಾಗ ಏನು ಕೇಳಬೇಕು ಅಂತ ನಿಮಗೆ ಗೊತ್ತಿಲ್ಲದಿದ್ದರೆ ಯಾರ ನಂಬರ್ ಇದ್ದರೂ ಅಷ್ಟೇ. ಅದಕ್ಕೇ ಕಾರ್ಯದರ್ಶಿಗಳ ಹತ್ತಿರ ಒಂದು ಗಂಟೆ ಕೇಳಿದೆ. ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ.

ನಾನು ಹೇಳಬೇಕಾಗಿರೋದು ಒಂದೇ. ದುಡ್ಡು ಕೊಡುವುದಾದರೆ ಕೊಳದ ಅಂಚಿನ ಮಟ್ಟಕ್ಕೆ ಕೊಡಿ. ಗಿಡಕ್ಕಲ್ಲ, ಕಾರಂಜಿಗಲ್ಲ, ನೀರೊಳಗಿನ ಬಣ್ಣದ ದೀಪಕ್ಕಂತೂ ಅಲ್ಲವೇ ಅಲ್ಲ.

ಮೊದಲ ಸಲ ನಾನು ಕರೆಸಿದ್ದು ಲ್ಯಾಂಡ್‌ಸ್ಕೇಪ್ ಮಾಡುವ ಒಂದು ಕಂಪನಿಯವರನ್ನು. ಹೆಸರು ಬೇಡ. ಒಬ್ಬ ಹುಡುಗ ಲ್ಯಾಪ್‌ಟಾಪ್ ತಂದು ನಮ್ಮ ಹಿತ್ತಲನ್ನೇ ಸಿನಿಮಾ ಸೆಟ್ ಥರ ತೋರಿಸಿದ. ನಾನು ಮರುಳಾದೆ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಆಳ. ಅಗೆದರು, ಕಪ್ಪು ಹೊದಿಕೆ ಹಾಸಿದರು, ಸುತ್ತ ಕಲ್ಲು ಜೋಡಿಸಿದರು, ಎಲ್ಲ ಮೂರೇ ದಿನ. ನಾಲ್ಕನೇ ದಿನ ನೀರು ಬಿಟ್ಟೆವು. ಮಧ್ಯಾಹ್ನದ ಹೊತ್ತಿಗೆ ತುಳಸಿಕಟ್ಟೆ ಕಡೆ ನೀರು ತುಂಬಿ ಹೊರಗೆ ಹರಿಯಲು ಶುರುವಾಯಿತು. ಕಾಂಪೌಂಡ್ ಗೋಡೆ ಕಡೆ ನೋಡಿದರೆ ಇನ್ನೂ ನಾಲ್ಕು ಇಂಚು ಕಪ್ಪು ಪ್ಲಾಸ್ಟಿಕ್ ಕಾಣುತ್ತಿದೆ! ನಮ್ಮ ಹಿತ್ತಲು ಇಳಿಜಾರು. ಅವರು ಅಂಚನ್ನು ನೆಲದ ಮೇಲೆ ಕಣ್ಣಂದಾಜಿನಲ್ಲಿ ಎಳೆದುಕೊಂಡು ಹೋಗಿದ್ದರು. ರಸಮಟ್ಟ ವ್ಯಾನಿನಲ್ಲೇ ಇತ್ತಂತೆ.

ನಾನು ಕೇಳಿದ್ದಕ್ಕೆ ಆ ಹುಡುಗ, "ಎರಡು ದಿನ ಬಿಡಿ ಮೇಡಂ, ನೀರು ಸೆಟ್ ಆಗುತ್ತೆ" ಅಂದ. ನಮ್ಮ ಅತ್ತೆ ಜಗಲಿ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ. "ನೀರು ಯಾವಾಗ್ಲೋ ಸೆಟ್ ಆಗಿದೆಯಪ್ಪ, ನೀನು ಸೆಟ್ ಆಗ್ಬೇಕು" ಅಂದರು.

ನಗಬೇಡಿ, ನಾನು ಅವತ್ತು ಅಳುವ ಹಾಗಿದ್ದೆ. ಆಮೇಲೆ ಕಲ್ಲು ಏರಿಸಿ ಮುಚ್ಚಿದರು. ಬಿಸಿಲಿಗೆ, ಮುಚ್ಚಿದ್ದೆಲ್ಲ ಒಂದೊಂದಾಗಿ ಜಾರಿ ಮತ್ತೆ ಪ್ಲಾಸ್ಟಿಕ್ ಕಂಡಿತು. ಒಂದು ವರ್ಷ ಸಹಿಸಿಕೊಂಡು ಪೂರ್ತಿ ಕೀಳಿಸಿದೆ.

ಎರಡನೇ ಸಲ ನಮ್ಮ ಬೀದಿಯಲ್ಲೇ ಮನೆ ಕಟ್ಟುತ್ತಿದ್ದ ಮೇಸ್ತ್ರಿಯನ್ನು ಕೇಳಿದೆ. "ಕೊಳ ಮಾಡಿ ಗೊತ್ತಿಲ್ಲಮ್ಮಾ, ಮಟ್ಟ ಬೇಕಾದ್ರೆ ನೋಡ್ತೀನಿ" ಅಂದರು. ಅಷ್ಟು ಸಾಕಾಗಿತ್ತು ನನಗೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಒಂದು ತುದಿ ಅವರು, ಇನ್ನೊಂದು ತುದಿ ಹುಡುಗ ಹಿಡಿದು, ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದಲ್ಲ, ಆ ಲೆಕ್ಕದಲ್ಲಿ ಸುತ್ತಲೂ ಗೂಟ ಹೊಡೆದು ಗುರುತು ಹಾಕಿದರು. ತಗ್ಗು ಇದ್ದ ಕಡೆ ಒಂದು ವರಸೆ ಇಟ್ಟಿಗೆ ಕಟ್ಟಿ ಏರಿಸಿದರು. ಅಗೆಯುವ ಮೊದಲೇ ಅರ್ಧ ದಿನ ಇದರಲ್ಲೇ ಹೋಯಿತು. ನಮ್ಮ ಯಜಮಾನರು ಒಳಗಿಂದ ಬಂದು "ಇನ್ನೂ ಗುದ್ದಲಿ ಮುಟ್ಟಿಲ್ವಾ?" ಅಂದಾಗ, ಈ ಸಲ ಕೆಲಸ ನೆಟ್ಟಗಾಗುತ್ತೆ ಅಂತ ನನಗೆ ಖಾತ್ರಿಯಾಯಿತು.

ಮೇಲುಕೋಟೆಗೆ ನೀವೆಲ್ಲ ಹೋಗಿರುತ್ತೀರಿ. ಮುಂದಿನ ಸಲ ಕಲ್ಯಾಣಿ ಹತ್ತಿರ ಸೆಲ್ಫಿ ಆದ ಮೇಲೆ ಮೆಟ್ಟಿಲು ಮತ್ತು ನೀರು ಸೇರುವ ಗೆರೆ ನೋಡಿ. ಲ್ಯಾಪ್‌ಟಾಪ್ ಇಲ್ಲದ ಕಾಲದ ಕೆಲಸ ಅದು. ನಮ್ಮ ಕೊಳಕ್ಕೂ ಮೆಟ್ಟಿಲು ಬೇಕು. ಅಂಚಿನಿಂದ ಸುಮಾರು ಒಂಬತ್ತು ಇಂಚು ಕೆಳಗೆ, ಒಂದು ಅಡಿ ಅಗಲಕ್ಕೆ, ಕುಂಡ ಇಡುವುದಕ್ಕೆ. ಅದೂ ಮಟ್ಟವಾಗಿರಬೇಕು, ಮತ್ತೆ ಅದೇ ಮಾತು ಅಂತ ಬೈಕೋಬೇಡಿ.

ಹೊದಿಕೆ ವಿಷಯ. ಕೃಷಿ ಹೊಂಡಕ್ಕೆ ಹಾಸುತ್ತಾರಲ್ಲ, 500 ಮೈಕ್ರಾನಿನ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ, ಅದು ಸಾಕು. 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಇದನ್ನು ಹಾಸಿ, ಬಿಸಿಯಿಂದ ಬೆಸೆದು ಪಳಗಿದ ಹುಡುಗರು ಹಳ್ಳಿಗಳ ಕಡೆ ಬೇಕಾದಷ್ಟು ಜನ ಸಿಗುತ್ತಾರೆ. ನಂಜನಗೂಡು ಕಡೆಯ ಇಬ್ಬರು ಬಂದು ನನ್ನ ಕೊಳವನ್ನು ಒಂದೇ ಬೆಳಗಿನಲ್ಲಿ ಮುಗಿಸಿದರು. "ಇದು ಹೊಂಡದ ಮರೀನಾ ಅಕ್ಕಾ?" ಅಂತ ಕೇಳಿದರು ಬೇರೆ. ರಬ್ಬರಿನ ಇಪಿಡಿಎಂ ಮೂಲೆಯಲ್ಲಿ ಚೆನ್ನಾಗಿ ಬಾಗುತ್ತದೆ, ಬೆಲೆ ಜಾಸ್ತಿ. ಅಳತೆ ಹೀಗೆ: ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಅಂಚಿಗೆ ಅಂತ ಇನ್ನೆರಡು ಅಡಿ. ಅಗಲಕ್ಕೂ ಹಾಗೇ. ಹತ್ತಕ್ಕೆ ಆರರ, ಎರಡು ಅಡಿ ಆಳದ ನನ್ನ ಕೊಳಕ್ಕೆ 16ಕ್ಕೆ 12 ಅಡಿ ಬೇಕಾಯಿತು. ಹೊದಿಕೆ ಕೆಳಗೆ ಕಲ್ಲು, ಬೇರು ಆರಿಸಿ ತೆಗೆದು, ಜರಡಿ ಹಿಡಿದ ಮರಳು ಹಾಸಿ. ಇನ್ನೊಂದು, ನೀರು ತುಂಬುವ ಮೊದಲು ಅಂಚು ಕತ್ತರಿಸಲು ಬಿಡಬೇಡಿ. ಮೂರು ಸಾವಿರದ ನಾನೂರು ಲೀಟರ್ ನೀರು ಅಂದರೆ ಮೂರೂವರೆ ಟನ್ ಹತ್ತಿರ ಭಾರ. ಅದು ಹೊದಿಕೆಯನ್ನು ಕೆಳಗೆ ಎಳೆದುಕೊಳ್ಳುತ್ತದೆ. ಕತ್ತರಿ ಕೊನೆಗೆ.

ಸಿಮೆಂಟಿನ ತೊಟ್ಟಿಯೇ ಬೇಕು ಅನ್ನುವವರು ಮಾಡಿಸಿ, ಆದರೆ ಹೊಸ ಸಿಮೆಂಟಿನ ಸುಣ್ಣ ನೀರಿಗೆ ಬಿಡುತ್ತದೆ. ನಾಲ್ಕೈದು ಸಲ ತುಂಬಿ ಚೆಲ್ಲದೆ ಮೀನು ಬಿಟ್ಟರೆ ಪಾಪ ನಿಮಗೇ.

ಗಿಡ. ಇಲ್ಲಿ ಯಾರೂ ಬೇಡ, ನೀವೇ ಮಾಡಿ. ಗೊಬ್ಬರ ಹಾಕಿದ ಕುಂಡದ ಮಣ್ಣು ಬೇಡ, ನೀರು ಹಸಿರು ಪಾಯಸ ಆಗುತ್ತದೆ. ಕೆರೆ ಗೋಡು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಅಗಲವಾದ ಟಬ್ಬಿನಲ್ಲಿ ತಾವರೆ ಗೆಡ್ಡೆ ಮಲಗಿಸಿ, ಮೊಳಕೆ ತುದಿ ಮಾತ್ರ ಹೊರಗಿರಲಿ. ತಾವರೆಗೂ ನೈದಿಲೆಗೂ ವ್ಯತ್ಯಾಸ ಗೊತ್ತಲ್ಲ? ಎಲೆಯಲ್ಲಿ ಸೀಳು ಇದ್ದರೆ ನೈದಿಲೆ. ನನಗೆ ನರ್ಸರಿಯಲ್ಲಿ ತಾವರೆ ಅಂತ ನೈದಿಲೆ ಕೊಟ್ಟಿದ್ದರು, ಚೆನ್ನಾಗೇ ಹೂ ಬಿಟ್ಟಿತು, ಜಗಳ ಆಡಲಿಲ್ಲ. ಎರಡಕ್ಕೂ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಹೊಂಗೆ ಮರದ ಕೆಳಗೆ ಕೊಳ ಮಾಡಿ ಎಲೆ ಬಾಚುತ್ತಾ ಕೂರಬೇಡಿ. ಮೆಟ್ಟಿಲಿನ ಮೇಲೆ ಬಜೆ, ನೀರುಬ್ರಾಹ್ಮಿ. ನೀರಿನ ಮೇಲ್ಮೈ ಅರ್ಧದಷ್ಟಾದರೂ ಎಲೆ ಮುಚ್ಚಿದರೆ ಪಾಚಿ ತಾನಾಗೇ ಕಮ್ಮಿಯಾಗುತ್ತದೆ. ನೇರಳೆ ಹೂವಿನ ವಾಟರ್ ಹಯಸಿಂತ್ ಯಾರಾದರೂ ಪುಕ್ಕಟೆ ಕೊಟ್ಟರೆ ಕೈಮುಗಿದು ವಾಪಸ್ ಕೊಡಿ. ನಮ್ಮ ಕೆರೆಗಳ ಗತಿ ನೋಡಿದ್ದೀರಲ್ಲ.

ಚೀಟಿ ಬಂತು. ಐದು ನಿಮಿಷ. ಸೊಳ್ಳೆ ಬಗ್ಗೆ ಅರ್ಧ ಪುಟ ಬರೆದುಕೊಂಡಿದ್ದೆ, ಹೋಗಲಿ. ಮೀನು ಇರುವ ಕೊಳಕ್ಕಿಂತ ಮೂಲೆಯಲ್ಲಿ ಬಿಟ್ಟ ಹಳೇ ಟೈರಿನಲ್ಲೇ ಸೊಳ್ಳೆ ಜಾಸ್ತಿ. ಸೊಳ್ಳೆ ಮರಿ ತಿನ್ನಲಿ ಅಂತ ಬಿಡುವ ಗ್ಯಾಂಬೂಸಿಯಾ ಬೇಡ, 1928ರಲ್ಲಿ ಹೊರಗಿಂದ ತಂದ ಮೀನು, ಕಪ್ಪೆಮರಿಗಳನ್ನೂ ತಿನ್ನುತ್ತದೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ತುಂಬಿದ ತಕ್ಷಣ ಮೀನು ಬಿಡಬೇಡಿ, ಮೊದಲು ಗಿಡ ಬೇರೂರಲಿ. ಏರೋಪ್ಲೇನ್ ಚಿಟ್ಟೆ ತಾನಾಗಿ ಬರುತ್ತದೆ, ಅದರ ಮರಿಗಳೂ ಸೊಳ್ಳೆ ಮರಿ ತಿನ್ನುತ್ತವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನೀರಿನ ಮಟ್ಟಕ್ಕಿಂತ ಮೇಲೆ ಗಟ್ಟಿ ಜಾಲರಿ ಹಾಕಿಸಲೇಬೇಕು, ಇದರಲ್ಲಿ ರಾಜಿ ಇಲ್ಲ. ಪಂಪಿನ ವೈರಿಂಗ್ ಎಲೆಕ್ಟ್ರಿಷಿಯನ್ನಿನಿಂದಲೇ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿನ ಟ್ರಿಪ್ ಸ್ವಿಚ್ ಜೊತೆಗೆ.

ಎರಡನೇ ಚೀಟಿ. ಆಯಿತು, ಆಯಿತು. ಹೊರಗೆ ಚಪ್ಪಲಿ ಬಿಡುವ ಜಾಗದ ಹತ್ತಿರ ನೀಲಿ ಬಕೆಟ್‌ನಲ್ಲಿ ಹನ್ನೊಂದು ತಾವರೆ ಗೆಡ್ಡೆ ಇಟ್ಟಿದ್ದೇನೆ. ಮನೆಗೆ ಒಂದೇ. ತುದಿ ಮುರಿದರೆ ಕೊಳೆಯುತ್ತದೆ, ಒದ್ದೆ ಪೇಪರಿನಲ್ಲಿ ಸುತ್ತಿಕೊಂಡು ಹೋಗಿ. ಆ ಮೇಸ್ತ್ರಿ ನಂಬರ್ ಬೇಕಾದವರು ನನ್ನ ಹತ್ತಿರ ಬನ್ನಿ, ಅವರ ಹತ್ತಿರ ಕೇಳಿಯೇ ಕೊಡುತ್ತೇನೆ.