ಕೀಮೋ ಕೊಡ್ತೀರಾ ಅಂತ ಮೊದಲು ಕೇಳಿ

ನಮಸ್ಕಾರ. ಇವತ್ತು ನಮ್ಮ ಅತ್ತಿಗೆಯ ಚಪ್ಪಲಿಯಿಂದ ಮಾತು ಶುರು ಮಾಡುತ್ತೇನೆ.

ಮೂರು ವರ್ಷದ ಹಿಂದಿನ ಮಾತು. ಅತ್ತಿಗೆ ಬಸ್ ಸ್ಟಾಪಿನಿಂದ ಮನೆಗೆ ನಡೆದುಕೊಂಡು ಬಂದರು. ಬಾಗಿಲಲ್ಲಿ ನೋಡಿದರೆ ಬಲಗಾಲಲ್ಲಿ ಚಪ್ಪಲಿಯೇ ಇಲ್ಲ. ದಾರಿಯಲ್ಲಿ ಎಲ್ಲೋ ಜಾರಿ ಬಿದ್ದಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ಮನೆಯವರೆಲ್ಲ ನಕ್ಕರು, ಅವರೂ ನಕ್ಕರು. ಆಮೇಲೆ ಬ್ಲೌಸಿನ ಹುಕ್ಕು ಹಾಕಲು ಬೆರಳು ಬಾರದಾಯಿತು. ನೆಲದ ಮೇಲೆ ಕೂತರೆ ಏಳಲು ಇಬ್ಬರು ಕೈ ಕೊಡಬೇಕಾಯಿತು. ನರಕ್ಕೆ ಕರೆಂಟ್ ಕೊಟ್ಟು ನೋಡಿದರು, ಬೆನ್ನಿನಿಂದ ನೀರು ತೆಗೆದು ನೋಡಿದರು. ಕೊನೆಗೆ ಕಾಯಿಲೆಗೆ ಒಂದು ಹೆಸರು ಸಿಕ್ಕಿತು: ಸಿಐಡಿಪಿ.

2025ರ ಜನವರಿಯಲ್ಲಿ ಪುಣೆಯಲ್ಲಿ ಜಿಬಿಎಸ್ ಅನ್ನುವ ನರರೋಗ ಕಾಣಿಸಿಕೊಂಡಾಗ ಆ ಹೆಸರು ಎಲ್ಲರ ಬಾಯಲ್ಲೂ ಇತ್ತು, ಅಲ್ವಾ? ಸಿಐಡಿಪಿ ಅದರ ದಾಯಾದಿ. ಜಿಬಿಎಸ್ ಸಾಮಾನ್ಯವಾಗಿ ಒಮ್ಮೆ ಬಂದು ಬಡಿದು ಹೋಗುತ್ತದೆ. ಸಿಐಡಿಪಿ ಬಂದು ಮನೆ ಮಾಡಿಕೊಂಡು ಕೂರುತ್ತದೆ. ಎರಡರಲ್ಲೂ ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೈಕಾಲಿನ ನರಗಳ ಮೇಲಿರುವ ಮೈಲಿನ್ ಪದರವನ್ನು ಕೆರೆದು ಹಾಕುತ್ತದೆ. ಇದೇ ದಾಳಿ ಮೆದುಳು ಮತ್ತು ಬೆನ್ನುಹುರಿಯಲ್ಲಿ ನಡೆದರೆ ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್.

ಸಿಐಡಿಪಿಗೆ ಚಿಕಿತ್ಸೆ ಇದೆ. ಸ್ಟೀರಾಯ್ಡ್, ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ಡ್ರಿಪ್‌ನಲ್ಲಿ ಕೊಡುವ ಐವಿಐಜಿ, ರಕ್ತದ ಪ್ಲಾಸ್ಮಾ ಬದಲಾಯಿಸುವುದು. ನಿಮ್ಹಾನ್ಸ್‌ನಲ್ಲಿ ಇಂಥ ರೋಗಿಗಳನ್ನು ವರ್ಷಗಳಿಂದ ನೋಡುತ್ತಿದ್ದಾರೆ. ಆದರೆ ಐವಿಐಜಿ ದುಬಾರಿ, ಮತ್ತೆ ಮತ್ತೆ ಬೇಕು. ಹಾಗಿರುವಾಗ ಯಾರೋ ನೆಂಟರು ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದರು. ‘ಸ್ಟೆಮ್ ಸೆಲ್‌ನಿಂದ ಸತ್ತ ನರಕ್ಕೆ ಮರುಜೀವ.’ ಅಣ್ಣ ಸೈಟು ಮಾರುವ ಮಾತು ಶುರು ಮಾಡಿದ.

ನಾನು ಇವತ್ತು ಮೈಕ್ ಮುಂದೆ ಕೂತಿರುವುದು ಇದಕ್ಕೇ. ಸ್ಟೆಮ್ ಸೆಲ್, ಅಂದರೆ ಹೊಸ ರಕ್ತಕಣ ಹುಟ್ಟಿಸುವ ಮೂಲಕೋಶ, ಅದರ ಕಸಿ ಬುರುಡೆ ಅಂತ ಹೇಳಲು ಬಂದಿಲ್ಲ. ಕೆಲವರ ಬದುಕನ್ನೇ ಬದಲಾಯಿಸಿದ ಚಿಕಿತ್ಸೆ ಅದು. ಆದರೆ ಹೆಸರು ನಮ್ಮನ್ನು ದಾರಿ ತಪ್ಪಿಸುತ್ತದೆ. ಅದರಲ್ಲಿ ಕಾಯಿಲೆಗೆ ಔಷಧಿ ಸ್ಟೆಮ್ ಸೆಲ್ ಅಲ್ಲ. ಔಷಧಿ ಕೀಮೋ, ಕ್ಯಾನ್ಸರಿಗೆ ಕೊಡುತ್ತಾರಲ್ಲ, ಅದೇ.

ಹೊಲದಲ್ಲಿ ಕಳೆ ಹಬ್ಬಿಬಿಟ್ಟಿದೆ ಅಂದುಕೊಳ್ಳಿ. ರೈತ ಮೊದಲು ಒಂದಿಷ್ಟು ಬಿತ್ತನೆ ಬೀಜ ತೆಗೆದು ಅಟ್ಟದ ಮೇಲೆ ಇಡುತ್ತಾನೆ. ಆಮೇಲೆ ಹೊಲವನ್ನೆಲ್ಲ ಹರಗಿ, ಕಳೆಯನ್ನು ಬೇರುಸಹಿತ ಕಿತ್ತು, ಮತ್ತೆ ಅದೇ ಬೀಜ ಬಿತ್ತುತ್ತಾನೆ. ಕಳೆ ತೆಗೆದಿದ್ದು ಕುಂಟೆ, ಬೀಜ ಅಲ್ಲ.

ಆಸ್ಪತ್ರೆಯಲ್ಲಿ ನಡೆಯುವುದೂ ಇದೇ. ಮೊದಲು ಕೆಲವು ದಿನ ಇಂಜೆಕ್ಷನ್ ಕೊಟ್ಟು ಮೂಳೆಮಜ್ಜೆಯ ಸ್ಟೆಮ್ ಸೆಲ್‌ಗಳನ್ನು ರಕ್ತಕ್ಕೆ ಇಳಿಸುತ್ತಾರೆ. ಸೊಂಟದ ಮೂಳೆ, ಬೆನ್ನು ಎಲ್ಲ ಸಿಡಿಯುವಷ್ಟು ನೋವು ಬರಬಹುದು. ನಾಲ್ಕೈದು ಗಂಟೆ ಮೆಷಿನ್ ಪಕ್ಕ ಮಲಗಿಸಿ ರಕ್ತದಿಂದ ಆ ಕೋಶಗಳನ್ನು ಸೋಸಿ, ಹೆಪ್ಪುಗಟ್ಟಿಸಿ ಇಡುತ್ತಾರೆ. ನಂತರ ಸೈಕ್ಲೋಫಾಸ್ಫಮೈಡ್‌ನಂಥ ಕೀಮೋ, ಜೊತೆಗೆ ರೋಗನಿರೋಧಕ ಕಣಗಳನ್ನು ಅಡಗಿಸುವ ಎಟಿಜಿ ಅನ್ನುವ ಔಷಧಿ. ದಾರಿ ತಪ್ಪಿದ ಬಿಳಿ ರಕ್ತಕಣಗಳ ಜೊತೆ ಒಳ್ಳೆಯವೂ ನೆಲಸಮ. ಆಗ ಎತ್ತಿಟ್ಟ ಚೀಲವನ್ನು ಬೆಚ್ಚನೆಯ ನೀರಲ್ಲಿ ಕರಗಿಸಿ ಡ್ರಿಪ್‌ನಲ್ಲಿ ವಾಪಸ್ ಹಾಕುತ್ತಾರೆ. ಕೋಶ ಕೆಡದಿರಲಿ ಅಂತ ಬೆರೆಸಿದ ರಾಸಾಯನಿಕದಿಂದ ರೋಗಿಯ ಉಸಿರು, ಮೈ ಎಲ್ಲ ಬೆಳ್ಳುಳ್ಳಿ ವಾಸನೆ ಹೊಡೆಯುತ್ತದೆ. ಹೊಸ ರಕ್ತಕಣ ಹುಟ್ಟಲು ಹೆಚ್ಚುಕಮ್ಮಿ ಹತ್ತು ದಿನ. ಅಲ್ಲಿಯವರೆಗೆ ಒಂದು ಸಣ್ಣ ಸೋಂಕೂ ಪ್ರಾಣಕ್ಕೆ ಬರಬಹುದು. ಕೂದಲು ಉದುರುತ್ತದೆ. ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದು. ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಲಸಿಕೆಗಳನ್ನು ಮತ್ತೆ ಹಾಕಿಸಿಕೊಳ್ಳಬೇಕು.

ಇಷ್ಟು ಕಷ್ಟಪಟ್ಟರೆ ಫಲ ಏನು? ಎಂಎಸ್ ವಿಷಯದಲ್ಲಿ ಉತ್ತರ ಗಟ್ಟಿಯಾಗಿದೆ. ಗ್ರೀಸ್ ದೇಶದ ವೈದ್ಯರು 1995ರಲ್ಲಿ ಎಂಎಸ್‌ಗೆ ಇದನ್ನು ಶುರು ಮಾಡಿದರು. ಆಮೇಲೆ ಷಿಕಾಗೋದ ರಿಚರ್ಡ್ ಬರ್ಟ್ ನೇತೃತ್ವದಲ್ಲಿ ನಾಲ್ಕು ದೇಶಗಳಲ್ಲಿ ನಡೆದ ಮಿಸ್ಟ್ ಅನ್ನುವ ಟ್ರಯಲ್‌ನ, ಅಂದರೆ ರೋಗಿಗಳಲ್ಲಿ ಚಿಕಿತ್ಸೆಯನ್ನು ಪರೀಕ್ಷಿಸಿ ನೋಡುವ ಅಧ್ಯಯನದ, ಫಲಿತಾಂಶ 2019ರಲ್ಲಿ ಬಂತು. ಔಷಧಿ ತಗೊಂಡೂ ಕಾಯಿಲೆ ಮರುಕಳಿಸುತ್ತಿದ್ದ 110 ಜನ. ಅರ್ಧ ಜನಕ್ಕೆ ಕಸಿ, ಅರ್ಧ ಜನಕ್ಕೆ ಬೇರೆ ಔಷಧಿ. ಔಷಧಿ ಗುಂಪಿನಲ್ಲಿ 34 ಜನಕ್ಕೆ ಕಾಯಿಲೆ ಮುಂದುವರಿಯಿತು. ಕಸಿ ಗುಂಪಿನಲ್ಲಿ 3 ಜನಕ್ಕೆ ಮಾತ್ರ. ಯಾರೂ ಸಾಯಲಿಲ್ಲ. ಈ ಅಂಕಿ ಮೊದಲ ಸಲ ಓದಿದಾಗ ನನ್ನ ಕಣ್ಣು ತುಂಬಿತ್ತು, ನಿಜ ಹೇಳುತ್ತೇನೆ.

ಆದರೆ ಪೂರ್ತಿ ಹೇಳಬೇಕು. ಈಗ ಬಂದಿರುವ ಓಕ್ರೆಲಿಜುಮ್ಯಾಬ್‌ನಂಥ ಬಲವಾದ ಔಷಧಿ ಜೊತೆ ಅಲ್ಲಿ ಹೋಲಿಸಿರಲಿಲ್ಲ. ಕೆನಡಾದ ಒಟ್ಟಾವಾದಲ್ಲಿ ಇನ್ನೂ ಜೋರಾದ ಕೀಮೋ ಕೊಟ್ಟು 24 ಜನಕ್ಕೆ ಕಸಿ ಮಾಡಿದರು. ಬದುಕಿದವರಿಗೆ ಒಮ್ಮೆಯೂ ಮರುಕಳಿಸಲಿಲ್ಲ, ಆದರೆ ಒಬ್ಬರು ಚಿಕಿತ್ಸೆಯಿಂದಲೇ ತೀರಿಕೊಂಡರು. 1995ರಿಂದ 2006ರವರೆಗೆ ಕಸಿ ಮಾಡಿಸಿಕೊಂಡ 281 ಎಂಎಸ್ ರೋಗಿಗಳ ಲೆಕ್ಕದಲ್ಲಿ 8 ಜನ ನೂರು ದಿನದೊಳಗೆ ತೀರಿಕೊಂಡರು. ಈಗ ಅಪಾಯ ತುಂಬಾ ಕಡಿಮೆಯಾಗಿದೆ, ಸೊನ್ನೆ ಆಗಿಲ್ಲ. ಇನ್ನು ನಮ್ಮ ಅತ್ತಿಗೆಯ ಸಿಐಡಿಪಿಗೆ ಬರ್ಟ್ ತಂಡದ್ದೂ ಸೇರಿ ಹಲವರ ಅನುಭವ ಇದೆ. ಐವಿಐಜಿ ಬಿಟ್ಟು ಓಡಾಡಿದವರಿದ್ದಾರೆ. ಆದರೆ ಎರಡು ಗುಂಪು ಮಾಡಿ ಹೋಲಿಸಿದ ಇಂಥ ಟ್ರಯಲ್ ಅದಕ್ಕೆ ಆಗಿಲ್ಲ.

ಇನ್ನೊಂದು ಮಾತು. ಈ ಚಿಕಿತ್ಸೆ ದಾಳಿಯನ್ನು ನಿಲ್ಲಿಸುತ್ತದೆ, ಸತ್ತ ನರವನ್ನು ಎಬ್ಬಿಸುವುದಿಲ್ಲ. ಅದಕ್ಕೇ ಕಾಯಿಲೆ ಇನ್ನೂ ಹಸಿ ಇರುವಾಗ, ಬೇರೆ ಔಷಧಿ ಕೈಕೊಟ್ಟಾಗ, ವಯಸ್ಸು ಚಿಕ್ಕದಿರುವಾಗ ಮಾಡಿದರೆ ಫಲ ಜಾಸ್ತಿ. ಹತ್ತು ವರ್ಷ ವೀಲ್‌ಚೇರಿನಲ್ಲಿ ಕೂತವರಿಗೆ ಅಷ್ಟು ಲಾಭವಿಲ್ಲ. ಆದರೆ ವಾಟ್ಸಾಪ್ ವಿಡಿಯೋ ಹುಡುಕಿಕೊಂಡು ಬರುವುದು ಅವರ ಮನೆಗೇ. ಅವರ ಆಸೆ ದೊಡ್ಡದು, ಅದಕ್ಕೆ. ನನಗೆ ಸಿಟ್ಟು ಬರುವುದು ಇಲ್ಲೇ. ಸೋತು ಕೂತವರ ಜೇಬಿಗೆ ಕೈ ಹಾಕುವುದು ಮಹಾಪಾಪ.

ಆ ವಿಡಿಯೋದಲ್ಲಿದ್ದ ಕ್ಲಿನಿಕ್ಕಿಗೆ ನಾನೇ ಫೋನ್ ಮಾಡಿದೆ.

‘ಕೀಮೋ ಕೊಡ್ತೀರಾ?’

‘ಅಯ್ಯೋ, ಇಲ್ಲ ಮೇಡಂ. ಕೀಮೋ ಯಾಕೆ? ಬೆನ್ನಿಗೆ ಒಂದು ಇಂಜೆಕ್ಷನ್ ಅಷ್ಟೇ. ಸಂಜೆಗೆ ಮನೆಗೆ ಕರ್ಕೊಂಡು ಹೋಗಬಹುದು.’

‘ಇದು ಟ್ರಯಲ್ಲಾ? ಎಥಿಕ್ಸ್ ಕಮಿಟಿ ಒಪ್ಪಿಗೆ ಇದೆಯಾ?’

‘ಡಾಕ್ಟರ್ ಹತ್ತಿರ ಮಾತಾಡಿ ಮೇಡಂ. ಮೊದಲು ಅಡ್ವಾನ್ಸ್ ಕಟ್ಟಿ ಸ್ಲಾಟ್ ಬುಕ್ ಮಾಡ್ಕೊಳ್ಳಿ.’

ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲಿ ಬಿಡಿಸಿ ಹೇಳಿದೆ. ಒಪ್ಪಿತವಾದ ಕೆಲವು ಕಸಿಗಳನ್ನು ಬಿಟ್ಟರೆ, ಅನುಮತಿ ಪಡೆದ ಟ್ರಯಲ್‌ನ ಹೊರಗೆ ರೋಗಿಗೆ ಸ್ಟೆಮ್ ಸೆಲ್ ಹಾಕುವುದು ಅನೈತಿಕ, ವೃತ್ತಿದ್ರೋಹ. ಟ್ರಯಲ್ ಅಂದ ಮೇಲೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ. ಈ ಎರಡು ಸಾಲು ಪ್ರತಿ ನರರೋಗ ವಿಭಾಗದ ಗೋಡೆ ಮೇಲೆ ಕನ್ನಡದಲ್ಲಿ ಬರೆದಿರಬೇಕು ಅನ್ನುವುದು ನನ್ನ ಒತ್ತಾಯ.

ಅಣ್ಣ ಸೈಟು ಮಾರಲಿಲ್ಲ. ಅತ್ತಿಗೆ ಈಗ ಪ್ಲಾಸ್ಮಾ ಬದಲಾಯಿಸಿಕೊಂಡು ಬರುತ್ತಾರೆ. ಹುಕ್ಕು ತಾವೇ ಹಾಕಿಕೊಳ್ಳುವಷ್ಟು ಬೆರಳು ತಿರುಗಿದೆ. ಮುಂದಿನ ತಿಂಗಳು ನರರೋಗ ಡಾಕ್ಟರ್ ಮತ್ತು ರಕ್ತರೋಗ ಡಾಕ್ಟರ್ ಇಬ್ಬರನ್ನೂ ಕೂರಿಸಿಕೊಂಡು ನಿಜವಾದ ಕಸಿಯ ಬಗ್ಗೆ ಕೇಳುವುದಿದೆ. ಅವರ ವಯಸ್ಸಿಗೆ, ಅವರ ಹೃದಯಕ್ಕೆ ತಡೆಯುತ್ತದಾ ಅಂತ. ಪ್ರಶ್ನೆಗಳನ್ನು ಅತ್ತಿಗೆ ಹಳೇ ಕ್ಯಾಲೆಂಡರಿನ ಹಿಂದೆ ತಮ್ಮ ಕೈಯಲ್ಲೇ ಬರೆದಿಟ್ಟಿದ್ದಾರೆ. ಅಕ್ಷರ ಸ್ವಲ್ಪ ಸೊಟ್ಟಗಿದೆ. ಚಪ್ಪಲಿಗೆ ಈಗ ಹಿಮ್ಮಡಿ ಹಿಂದೆ ಪಟ್ಟಿ ಹೊಲಿಸಿಕೊಂಡಿದ್ದಾರೆ.