ಇಂಜಿನ್ ಕೇಸ್ ಕೂಡಿಸುವ ಮುಂಚೆ ಪೇಸ್ಟ್ ಬಗ್ಗೆ ಎರಡು ಮಾತು

ನಮಸ್ಕಾರ ಕೇಳುಗರೇ. ಮೈಸೂರಿನಲ್ಲಿ ಹಳೇ ಜಾವಾನೋ ಯೆಜ್ಡಿನೋ ಬೈಕ್ ಇಟ್ಟುಕೊಂಡಿರುವವರು ಇವತ್ತಿಗೂ ಬೇಕಾದಷ್ಟು ಜನ ಇದ್ದೀರಿ. ಅದರಲ್ಲಿ ಕೆಲವರಾದರೂ ಈಗ ಇಂಜಿನ್ ಬಿಚ್ಚಿ, ಬಿಡಿಭಾಗಗಳನ್ನೆಲ್ಲ ಹಳೇ ಪೇಪರ್ ಮೇಲೆ ಹರಡಿಕೊಂಡು ಕೂತಿರಬಹುದು. ನಿಮಗೇ ಈ ಮಾತು. ಬೋರಿಂಗ್ ಬಗ್ಗೆ, ಅಂದರೆ ಸವೆದ ಸಿಲಿಂಡರ್ ಕೊರೆಸುವುದರ ಬಗ್ಗೆ, ಪಿಸ್ಟನ್ ಬಗ್ಗೆ ಹೇಳುವವರು ಬೇಕಾದಷ್ಟಿದ್ದಾರೆ. ಕೊನೆಗೆ ಇಂಜಿನ್ನಿನ ಹೊರಚಿಪ್ಪು, ಅಂದರೆ ಕೇಸಿನ ಎರಡು ಹೋಳು ಕೂಡಿಸುವಾಗ ಸೋರದ ಹಾಗೆ ಹಚ್ಚುವ ಪೇಸ್ಟ್ ವಿಷಯ ಬಂದಾಗ ಮಾತ್ರ, ಒಂದು ಟ್ಯೂಬ್ ತಗೊಂಡು ಬಳಿದುಬಿಡಿ ಅಂತ ಮುಗಿಸಿಬಿಡುತ್ತಾರೆ. ಅಷ್ಟು ಸುಲಭ ಅಲ್ಲ ಅದು.

ಜಾವಾ ಇಂಜಿನ್‌ನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್‌ನಿಂದ ತಿರುಗುವ ದಂಡ ಕೂರುವ ಜಾಗ, ಗೇರ್‌ಬಾಕ್ಸ್ ಎರಡೂ ಒಂದೇ ಕೇಸಿನೊಳಗೆ. ಆ ಕೇಸು ಎಡ, ಬಲ ಅಂತ ಎರಡು ಹೋಳು. ಕೂಡಿದ ಕಡೆ ಗೇರ್‌ಬಾಕ್ಸ್ ಪಕ್ಕದಲ್ಲಿ ಸೋರಿದರೆ ಆಯಿಲ್ ತೊಟ್ಟಿಕ್ಕುತ್ತದೆ, ನೆಲ ನೋಡಿದರೆ ಗೊತ್ತಾಗುತ್ತದೆ. ಕ್ರ್ಯಾಂಕ್ ಪಕ್ಕದಲ್ಲಿ ಸೋರಿದರೆ ಕಣ್ಣಿಗೆ ಕಾಣುವುದೇ ಕಷ್ಟ. ಯಾಕೆಂದರೆ ಇದು ಟೂ ಸ್ಟ್ರೋಕ್, ಪಿಸ್ಟನ್ ಮೇಲೆ ಹೋದಾಗ ಕೇಸಿನೊಳಗೆ ಎಳೆತ ಹುಟ್ಟುತ್ತದೆ, ಕಾರ್ಬುರೇಟರ್‌ನಿಂದ ಪೆಟ್ರೋಲ್ ಮತ್ತು ಗಾಳಿ ಒಳಗೆ ಬರುವುದೇ ಆ ಎಳೆತದಿಂದ, ಕೂಡಿದ ಕಡೆ ಕೂದಲೆಳೆ ಸಂದಿ ಇದ್ದರೂ ಅಲ್ಲಿಂದ ಬರೀ ಗಾಳಿ ನುಗ್ಗುತ್ತದೆ. ಆಗ ಪೆಟ್ರೋಲ್ ಸಾಲುವುದಿಲ್ಲ, ಅದರ ಜೊತೆ ಬರಬೇಕಾದ ಆಯಿಲ್ಲೂ ಸಾಲುವುದಿಲ್ಲ. ಆಕ್ಸಲೇಟರ್ ಬಿಟ್ಟರೂ ರೈಸ್ ಇಳಿಯುವುದಿಲ್ಲ, ಪ್ಲಗ್ ಬೆಳ್ಳಗಾಗುತ್ತದೆ. ಬೆಂಗಳೂರು ರಸ್ತೆಯಲ್ಲಿ ಸ್ವಲ್ಪ ಜೋರಾಗಿ ಹೋದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೊಸ ಬೋರಿಂಗ್ ದುಡ್ಡೆಲ್ಲ ಹೋಯಿತು.

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ನಿಂತಿದ್ದು 1996ರಲ್ಲಿ. ಅಂದರೆ ಅಲ್ಲಿಂದ ಬಂದ ಗಾಡಿಗಳಲ್ಲಿ ಕೊನೆಯದಕ್ಕೂ ಈಗ ಮೂವತ್ತು ವರ್ಷದ ಹತ್ತಿರ. ಇಷ್ಟು ವರ್ಷದಲ್ಲಿ ಆ ಕೇಸನ್ನು ಎಷ್ಟು ಜನ ಬಿಚ್ಚಿರುತ್ತಾರೋ, ಸಂದಿಗೆ ಸ್ಕ್ರೂ ಡ್ರೈವರ್ ಹಾಕಿ ಮೀಟಿರುತ್ತಾರೆ. ಬೆರಳು ಸವರಿ ನೋಡಿ, ಗೀರು ಸಿಗುತ್ತದೆ. ಗೀರಿನ ಅಂಚು ಎದ್ದು ನಿಂತಿರುತ್ತದೆ, ಅದೇ ಎರಡು ಹೋಳು ಸರಿಯಾಗಿ ಕೂರದ ಹಾಗೆ ತಡೆಯುವುದು. ಸಣ್ಣ ಎಣ್ಣೆಕಲ್ಲಿನಿಂದ, ಅಂದರೆ ಎಣ್ಣೆ ಹಾಕಿ ಉಜ್ಜುವ ಸಾಣೆಕಲ್ಲಿನಿಂದ ಆ ಅಂಚನ್ನು ಮಾತ್ರ ಮೆತ್ತಗೆ ಉಜ್ಜಿ ತೆಗೆಯಿರಿ. ಹಳೇ ಪೇಸ್ಟ್ ಕೆರೆಯಲು ಮರದ ಪಟ್ಟಿ ಅಥವಾ ಹಿತ್ತಾಳೆ ತುಂಡು ಸಾಕು, ಉಕ್ಕಿನ ಚೂಪು ಬೇಡ, ಅಲ್ಯೂಮಿನಿಯಂ ಬಹಳ ಮೆದು. ಆಮೇಲೆ ಥಿನ್ನರ್ ಹಾಕಿ ಒರೆಸಿ, ಬಿಳಿ ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವ ತನಕ ಒರೆಸಿ. ಅರ್ಧ ಕೆಲಸ ಇಲ್ಲೇ ಇರುವುದು. ಹೋಳುಗಳು ಕೂಡುವ ಮುಖ ಹಾಳಾಗಿದ್ದರೆ ಅದನ್ನು ಪೇಸ್ಟ್ ತುಂಬಿ ಸರಿಮಾಡುತ್ತೇನೆ ಅಂದರೆ ಆಗುವುದಿಲ್ಲ.

ಈಗ ಯಾವ ಪೇಸ್ಟ್? ಅಂಗಡಿಯಲ್ಲಿ ಕೇಳಿದರೆ ಸಿಲಿಕಾನ್ ಟ್ಯೂಬ್ ಕೊಡುತ್ತಾರೆ, ಎಲ್ಲದಕ್ಕೂ ಅದೇ. ಆಯಿಲ್ ಮಾತ್ರ ತಗಲುವ ಕಡೆ ಅದು ಚೆನ್ನಾಗಿದೆ, ನಾನು ಬೇಡ ಅನ್ನುವುದಿಲ್ಲ. ಆದರೆ ಸಾಮಾನ್ಯ ಸಿಲಿಕಾನ್ ಪೆಟ್ರೋಲ್‌ನಲ್ಲಿ ಊದಿಕೊಂಡು ಮೆತ್ತಗಾಗುತ್ತದೆ. ಟೂ ಸ್ಟ್ರೋಕ್ ಕೇಸಿನೊಳಗೆ ಓಡಾಡುವುದು ಪೆಟ್ರೋಲೇ ಅಲ್ವಾ? ಕಾರ್ಬುರೇಟರ್ ಪ್ಯಾಕಿಂಗ್‌ಗಂತೂ ಅದನ್ನು ಮುಟ್ಟಿಸಲೇಬೇಡಿ.

ಹಳೇ ಮೇಸ್ತ್ರಿಗಳು ಹಚ್ಚುತ್ತಿದ್ದದ್ದು ಶೆಲ್ಲಾಕ್. ಅದು ಅರಗಿನಿಂದಲೇ ಮಾಡಿದ್ದು. ನಮ್ಮ ಊರಿಗೆ ಅರಗು ಹೊಸದಲ್ಲ, ಚುನಾವಣೆಯ ಶಾಯಿ ಮಾಡುವ ಬಣ್ಣದ ಕಾರ್ಖಾನೆ ಇದೆಯಲ್ಲ, ನಾಲ್ವಡಿಯವರು 1937ರಲ್ಲಿ ಶುರು ಮಾಡಿದಾಗ ಅದರ ಹೆಸರೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಶೆಲ್ಲಾಕ್‌ಗೆ ಪೆಟ್ರೋಲ್, ಆಯಿಲ್ ಏನೂ ಮಾಡುವುದಿಲ್ಲ, ಅದಕ್ಕೇ ಅಷ್ಟು ವರ್ಷ ನಡೆಯಿತು. ಆದರೆ ಅದು ಸ್ಪಿರಿಟ್‌ನಲ್ಲಿ, ಅಂದರೆ ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಈಗ ಬಂಕ್‌ನಲ್ಲಿ ಹಾಕುವ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್‌ವರೆಗೂ ಎಥನಾಲ್ ಇರುತ್ತದೆ, ಅದೂ ಆಲ್ಕೋಹಾಲೇ. ಹಾಗಾಗಿ ಹಳೇ ಪದ್ಧತಿ ಅಂತ ಕಣ್ಣು ಮುಚ್ಚಿಕೊಂಡು ಶೆಲ್ಲಾಕ್ ಹಚ್ಚಬೇಡಿ ಅಂತ ನಾನು ಕೈಮುಗಿದು ಹೇಳುತ್ತೇನೆ. ಪೆಟ್ರೋಲ್, ಎಥನಾಲ್ ಎರಡನ್ನೂ ತಡೆಯುತ್ತದೆ ಅಂತ ಟ್ಯೂಬ್ ಮೇಲೆ ಬರೆದಿರುವುದನ್ನೇ ಕೇಳಿ ತಗೊಳ್ಳಿ. ಎರಡು ಮುಖವೂ ಚೆನ್ನಾಗಿ ಕೂರುತ್ತವೆ ಅಂದರೆ ಅನರೋಬಿಕ್ ಪೇಸ್ಟ್ ಒಳ್ಳೆಯದು, ಲೋಹದ ನಡುವೆ ಗಾಳಿ ಸಿಗದೆ ಇದ್ದಾಗ ಮಾತ್ರ ಅದು ಗಟ್ಟಿಯಾಗುತ್ತದೆ, ಒಳಗೆ ಸ್ವಲ್ಪ ಇಣುಕಿದರೂ ಹಸಿಯಾಗೇ ಇದ್ದು ತೊಳೆದುಹೋಗುತ್ತದೆ.

ಹಚ್ಚುವುದು ಒಂದೇ ಮುಖಕ್ಕೆ, ಅದೂ ದೋಸೆ ಕಾವಲಿಗೆ ಈರುಳ್ಳಿಯಲ್ಲಿ ಎಣ್ಣೆ ಸವರುತ್ತೀವಲ್ಲ, ಅಷ್ಟೇ ತೆಳ್ಳಗೆ. ಜಾಸ್ತಿ ಆದರೆ ಹೊರಗೆ ಎಷ್ಟು ಉಕ್ಕಿ ಬರುತ್ತದೋ ಒಳಗೂ ಅಷ್ಟೇ ಉಕ್ಕಿರುತ್ತದೆ. ಹೊರಗಿನದನ್ನು ಒರೆಸಬಹುದು, ಒಳಗಿನದನ್ನು? ಬೇರಿಂಗ್‌ಗೆ ಆಯಿಲ್ ಇಳಿಯುವ ತೂತಿನ ಸುತ್ತ ಒಂದು ಹನಿಯೂ ಇರಬಾರದು. ಅಂಬಾಸಿಡರ್, ಫಿಯೆಟ್ ಬಿಚ್ಚುವವರಿಗೂ ಇದೇ ಮಾತು, ಇಂಜಿನ್ ತಳದ ಆಯಿಲ್ ತೊಟ್ಟಿಗೆ, ಅಂದರೆ ಸಂಪ್‌ಗೆ ಹಚ್ಚಿದ ಸಿಲಿಕಾನ್ ಉದುರಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಇಂಜಿನ್ನೇ ಹೋಗುತ್ತದೆ. ಆಮೇಲೆ ಸ್ಕ್ರೂಗಳನ್ನು ಒಂದು ಕಡೆಯಿಂದ ಸಾಲಾಗಿ ಬಿಗಿಯಬೇಡಿ, ಎದುರು ಬದುರು ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಬನ್ನಿ, ನಡುವೆ ಕ್ರ್ಯಾಂಕ್ ತಿರುಗಿಸಿ ನೋಡಿ.

ಒಂದು ರಾತ್ರಿ ಬಿಟ್ಟು, ಬೋರು ಅಂದರೆ ಸಿಲಿಂಡರ್, ಹೆಡ್ಡು, ಆಯಿಲ್ ಸೀಲ್ ಎಲ್ಲಾ ಕೂರಿಸಿದ ಮೇಲೆ, ಇಂಜಿನ್ ಗಾಡಿಗೆ ಏರಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಕಾರ್ಬುರೇಟರ್ ಬಾಯಿ ಮುಚ್ಚಿ, ಜಾವಾಗೆ ಎರಡು ಸೈಲೆನ್ಸರ್ ಇರುವುದರಿಂದ ಅವು ಕೂರುವ ಎರಡು ಬಾಯಿಯನ್ನೂ ಮುಚ್ಚಿ, ಒಂದರಲ್ಲಿ ಹಳೇ ಟೈರ್ ಟ್ಯೂಬಿನ ವಾಲ್ವ್ ಕೂರಿಸಿ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆಯಿರಿ. ಗಾಳಿಯ ಒತ್ತಡ ಐದಾರು ಪಿಎಸ್‌ಐ ಸಾಕು, ಅದಕ್ಕಿಂತ ಜಾಸ್ತಿ ಬೇಡ, ಸೀಲ್ ಹೊರಗೆ ಬಂದುಬಿಡುತ್ತದೆ. ಕೂಡಿದ ಕಡೆಗೆಲ್ಲ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಮತ್ತೆ ಬಿಚ್ಚಿ, ಬೇಜಾರಾದರೂ ಬಿಚ್ಚಿ. ಗುಳ್ಳೆ ಏಳದೆ ಒಳಗಿನ ಗಾಳಿ ಇಳಿಯದೆ ನಿಂತರೆ, ಎಲ್ಲಿ ಯಾವ ಪೇಸ್ಟ್ ಹಾಕಿದ್ದೀರಿ ಅಂತ ಒಂದು ಚೀಟಿಯಲ್ಲಿ ಬರೆದು ಟೂಲ್ ಬಾಕ್ಸ್‌ನಲ್ಲಿ ಇಡಿ, ಮುಂದೆ ಬಿಚ್ಚುವವರಿಗೆ ಬೇಕಾಗುತ್ತದೆ. ನಮಸ್ಕಾರ.